ಕೋಲ್ಡ್ ಸ್ಟೋರ್ ಕರಾರು

ಅಕ್ಟೋಬರ್ 5, ಭಾನುವಾರ

ಸಲ್ಮಾಬಾದ್ ಗ್ಯಾರೇಜಿನ ಆಫೀಸು. ಎ.ಸಿ. ಮತ್ತೆ ಕೈಕೊಟ್ಟಿದೆ. ಬಿಲ್ ಹೊಡೆಯುತ್ತಾ ಕೂತಿದ್ದಾಗ ಸುಧೀರನ ಮೆಸೇಜು — "ಆ ಪೇಪರ್ ವಿಷಯ ಇನ್ನೂ ತಲೆಯಲ್ಲಿ ಉಂಟಾ?"

ಉಂಟು. ಡಿಸೆಂಬರಿನಲ್ಲಿ ನಮ್ಮಿಬ್ಬರ ಮದುವೆ. ಅದಕ್ಕೆ ಮೊದಲು ಅವನು ಇಷ್ಟು ಬರೆದು ಸಹಿ ಹಾಕಲಿ: ಊರಲ್ಲಿ ಕಿನ್ನಿಗೋಳಿಯ ಮನೆ ನನ್ನದು, ಅಮ್ಮ ಇರುವಷ್ಟು ಕಾಲ ಅದರಲ್ಲೇ ಇರುತ್ತಾರೆ. ಗಲ್ಫಿನ ಈ ಬಿಸಿಲಲ್ಲಿ ದುಡಿದು ಕಟ್ಟಿಸಿದ ಮನೆ. ಕೇಳಿದ್ದಕ್ಕೆ ಡೈವೋರ್ಸೇ ಕೇಳಿದ ಹಾಗೆ ಮುಖ ಮಾಡುತ್ತಾನೆ.

ಪಕ್ಕದ ಮೇಜಿನ ವಿಲ್ಫ್ರೆಡ್ ಸರ್ ಬೇರೆ. "ಅದೆಲ್ಲ ಸಿನೆಮಾದವರಿಗೆ. ನಮ್ಮಂಥವರಿಗೆ ಎಂತಕ್ಕೆ? ಊರಿನ ಕೋರ್ಟಲ್ಲಿ ನಿಲ್ಲುವುದೂ ಡೌಟು." ಸಿನೆಮಾದವರಿಗೆ ಒಂದು ಮನೆ ಹೋದರೆ ಇನ್ನೊಂದಿರುತ್ತದೆ ಸರ್. ನನಗಿರುವುದು ಒಂದೇ. — ಹೇಳಲಿಲ್ಲ. ಇಲ್ಲಿ ಬರೆದೆ.

ಅ. 11, ಶನಿವಾರ

ಕೊನೆಗೂ ಒಪ್ಪಿದ. ಸಿತ್ರಾದ ನೈಟ್ ಶಿಫ್ಟ್ ಮುಗಿಸಿ, ಕಂಪನಿ ಬಸ್ಸಿಳಿದು, ನಿದ್ದೆಗಣ್ಣಲ್ಲೇ ಟೈಪಿಂಗ್ ಸೆಂಟರಿಗೆ ಹೋಗಿ ಪೇಪರ್ ಮಾಡಿಸಿಕೊಂಡು ಬಂದ. ಅಲ್ಲಿ "ಇಬ್ಬರ ಅಗ್ರಿಮೆಂಟ್" ಅಂದನಂತೆ, ಅಷ್ಟೇ. ಅವರು ಯಾವುದೋ ಕೋಲ್ಡ್ ಸ್ಟೋರಿನ, ಅಂದರೆ ಇಲ್ಲಿನ ಕಿರಾಣಿ ಅಂಗಡಿಯ, ಪಾಲುದಾರಿಕೆಯ ನಮೂನೆಗೇ ನಮ್ಮ ಹೆಸರು ತುಂಬಿಸಿದ್ದಾರೆ. ಮೊದಲ ಪಾಲುದಾರ ಸುಧೀರ್. ಎರಡನೇ ಪಾಲುದಾರ ಜ್ಯೋತ್ಸ್ನಾ. ಬಿಟ್ಟು ಹೋಗುವವರು ಮೂರು ತಿಂಗಳ ನೋಟಿಸ್ ಕೊಡಬೇಕು. ಫ್ರಿಜ್ ರಿಪೇರಿ ಇಬ್ಬರದು. ಮನೆಯ ಮಾತೇ ಇಲ್ಲ.

"ಓದಲಿಲ್ವಾ?"

"ನಾಲ್ಕು ಪುಟ ಮಾರಾಯ್ತಿ. ಸೀಲು ಉಂಟಲ್ಲ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅ. 12

ಅಮ್ಮ ನಗಲಿ ಅಂತ ಫೋನಿನಲ್ಲಿ ಫ್ರಿಜ್ಜಿನ ಕತೆ ಹೇಳಿದೆ. ನಗಲಿಲ್ಲ.

"ಪೇಪರ್ ಎಂತಕ್ಕೆ ಮಗಾ? ನಾನು ಆಗ್ಲೇ ಮಾತು ಕೊಟ್ಟಾಗಿದೆ."

ನಿಶ್ಚಿತಾರ್ಥದ ದಿನ. ವೀಳ್ಯ ಬದಲಾಯಿಸುವಾಗ, ಜಾತಿಯ ಮುಖ್ಯಸ್ಥರು, ಗುರಿಕಾರರ ಎದುರು, ಸುಧೀರನ ಅಮ್ಮನಿಗೆ — ಮನೆ ಮದುಮಕ್ಕಳಿಗೇ, ನಾನು ಮಗನ ಜತೆ ಇರ್ತೇನೆ ಅಂತ. ತಮ್ಮನದೋ ಒಂದೇ ಕೋಣೆಯ ಬಾಡಿಗೆ ಮನೆ. ನಾನು ಆಗ ಒಳಗೆ ಸೀರೆ ಬದಲಾಯಿಸುತ್ತಿದ್ದೆನಂತೆ.

"ಹೆಣ್ಣಿನ ಕಡೆಯವರು ಎಂತಾದ್ರೂ ಕೊಡ್ತೇವೆ ಅಂತ ಹೇಳ್ಬೇಕಲ್ಲ."

ನಮ್ಮದು ಅಳಿಯಸಂತಾನ. ಅಜ್ಜಿಯ ಕಾಲದಲ್ಲಿ ಮನೆ ಹೆಣ್ಣಿನದೇ, ಯಾವ ಗಂಡನೂ ಕೇಳಿದ್ದಿಲ್ಲ. ಈಗ ನಾನು ಮುಂಬಾಗಿಲಿಗೆ ಬೀಗ ಹುಡುಕುತ್ತಿದ್ದೇನೆ, ಅಮ್ಮ ಹಿತ್ತಿಲ ಬಾಗಿಲು ತೆರೆದಿಟ್ಟು ಕೂತಿದ್ದಾರೆ. ಸಿಟ್ಟಿಗೆ ಅಳು ಬಂತು.

ಸುಧೀರನಿಗೆ ಗೊತ್ತಿತ್ತು. ಅಲ್ಲೇ ಕೂತಿದ್ದ.

ಅ. 24, ಶುಕ್ರವಾರ — ಸಂಜೆ

ಇಷ್ಟು ದಿನ ಅವನ ಫೋನ್ ಎತ್ತಲಿಲ್ಲ. ಇವತ್ತು ಕಾರು ತಂದು ಕೆಳಗೇ ನಿಂತ. ಹತ್ತಿದೆ.

"ಗೊತ್ತಿದ್ದೂ ಸುಮ್ಮನಿದ್ದಿಯಲ್ಲ."

"ಅಷ್ಟು ಜನರ ಎದುರು ಬೇಡ ಅಂದ್ರೆ ನಿನ್ನ ಅಮ್ಮನ ಮಾತಿಗೆ ಬೆಲೆ ಇಲ್ಲದ ಹಾಗೆ ಆಗ್ತದೆ… ಹೊಸ ಪೇಪರ್ ಮಾಡಿಸ್ತೇನೆ. ಸೈನ್ ಹಾಕ್ತೇನೆ."

"ಪೇಪರ್ ನಿನ್ನ ಅಮ್ಮ ಓದ್ತಾರಾ?"

ಅಲ್ಲೇ ಅವನ ಅಮ್ಮನಿಗೆ, ಊರಿಗೆ ಫೋನ್ ಹಚ್ಚಿದ, ಸ್ಪೀಕರಿಗೆ ಹಾಕಿದ. ಡೈರಿ ತಂದಿಲ್ಲ. ಬ್ಯಾಗಿನಲ್ಲಿದ್ದ ಕೋಲ್ಡ್ ಸ್ಟೋರ್ ಕರಾರಿನ ಹಿಂಬದಿ ಖಾಲಿ ಇದೆ, ಅದರಲ್ಲೇ ಬರೆಯುತ್ತಿದ್ದೇನೆ.

"ಅಮ್ಮ, ಕಿನ್ನಿಗೋಳಿ ಮನೆ ನಮಗೆ ಬೇಡ. ಅತ್ತೆ ಅಲ್ಲೇ ಇರ್ತಾರೆ."

ಆ ಕಡೆ ಕುಕ್ಕರಿನ ಸದ್ದು. ಅದರ ನಡುವೆಯೇ ಅವನ ಅಮ್ಮ — "ಅವಳು ಹೇಳಿಸಿದ್ದಾ?"

ನನ್ನನ್ನು ನೋಡಿದ. ಹೌದು ಅಂದರೆ ಮದುವೆಗೆ ಮೊದಲೇ ನಾನು ಕೆಟ್ಟವಳು.

"ಅಲ್ಲಮ್ಮ. ನಾನೇ ಹೇಳಿದ್ದು. ಗುರಿಕಾರರಿಗೂ ನಾನೇ ಹೇಳ್ತೇನೆ."

"ಅವಳಿಗೆ ಕೊಡು" ಅನ್ನುತ್ತಿದ್ದಾರೆ. ಕೊಡುತ್ತಿದ್ದಾನೆ. ಪೆನ್ನು ಎಲ್ಲಿ ಇಡಲಿ —