ಬೀಳದ ಹಕ್ಕಿ

ಬಂಗಾರಪೇಟೆ
ಸಂಕ್ರಾಂತಿ, ಶನಿವಾರ, 14-1-1961

ಪ್ರೀತಿಯ ಅಮ್ಮಾ,

ನೀನು ಅಜ್ಜಿಯಾಗುತ್ತಿದ್ದೀಯಾ! ತಡೆದುಕೊಳ್ಳಲಾಗದೆ ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ನೋಡು. ಈಗ ಕ್ರಮವಾಗಿ ಕೇಳುತ್ತೇನೆ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಸೀಸೆ ಹಾಗೇ ಕಿಟಕಿಯಲ್ಲಿ ಕೂತಿದೆಯಾ? ಅಪ್ಪನ ಕೆಮ್ಮು ಇಳಿಯಿತೇ? ಈ ಕಾಗದವನ್ನು ಅವರ ಕೈಗೆ ಮಾತ್ರ ಕೊಡಬೇಡ. ಕಾನ್ವೆಂಟ್ ಹುಡುಗಿಯ ಕನ್ನಡ ಎಂದು ಕೆಂಪು ಶಾಯಿ ಹಿಡಿದು ಕೂತುಬಿಡುತ್ತಾರೆ. ನೀನೇ ಓದಿ, ಬೇಕಾದ್ದನ್ನು ಮಾತ್ರ ಹೇಳು.

ಮೊದಲು ಗೊತ್ತುಹಿಡಿದದ್ದು ಅತ್ತೆ. ಹೋದ ವಾರ ಒಗ್ಗರಣೆಯ ವಾಸನೆಗೆ ನಾನು ಹಿತ್ತಲಿಗೆ ಓಡಿದೆ. ಅವರು ಸೌಟು ಹಿಡಿದುಕೊಂಡೇ ಹಿಂದೆ ಬಂದು, "ಏನಮ್ಮಾಯಿ, ಉಣಿಸೆಕಾಯಿ ತರಿಸ್ಲಾ?" ಎಂದು ನಕ್ಕರು. ನಾನು ನಾಚಿಕೆಯಿಂದ ಸತ್ತೇಹೋದೆ! ಈ ಮನೆಯಲ್ಲಿ ಐದು ತಿಂಗಳು ತುಂಬುವವರೆಗೆ ಮಾವನವರ ಕಿವಿಗೆ ಹಾಕಬಾರದಂತೆ. ಇವರಿಗೆ ಮಾತ್ರ ಹೇಳಿದ್ದೇವೆ. ಇವರು ಉರಿಗಾಂ ಸರ್ವೆ ಆಫೀಸಿನಿಂದ ಬರುವ ದಾರಿಯಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋಗಿ ಒಂದು ದೊಡ್ಡ ಪೊಟ್ಟಣ ಬೆಣ್ಣೆ ಬಿಸ್ಕತ್ತು ತಂದು, ಮಾವ ಕಂಡರೆ ಏನು ಹೇಳುವುದೆಂದು ತಿಳಿಯದೆ ಕೊಡೆಯೊಳಗೆ ಬಚ್ಚಿಟ್ಟರು. ಬಿಡಿಸಿದಾಗ ಎಲ್ಲ ನನ್ನ ತಲೆಯ ಮೇಲೆ ಉದುರಿತು.

ನಾಳೆ ಕನುಮ. ಗಡಿಯ ಈಚೆ ಇದ್ದರೂ ಅತ್ತೆಯ ಕಡೆಯವರು ತೆಲುಗಿನವರಲ್ಲವೇ, ಸಂಕ್ರಾಂತಿಯ ಮಾರನೆಯ ದಿನ ಮನೆಯಲ್ಲಿ ಮಾಂಸ ಬೇಯಲೇಬೇಕು. ಅದೂ ಯಜಮಾನರ ಕೋವಿಗೆ ಬಿದ್ದ ಬುರ್ಲಿ ಹಕ್ಕಿಯೇ ಆಗಬೇಕು. ಬುರ್ಲಿ ಅಂದರೆ ನಾವು ಪುಸ್ತಕದಲ್ಲಿ ಕ್ವೇಲ್ ಎಂದು ಓದಿದ್ದೆವಲ್ಲ, ಅದು. ಮಾವನವರ ಹತ್ತಿರ ಎರಡು ಜೋಡುನಳಿಗೆ ಕೋವಿಗಳಿವೆ. ಊರಿಗೆ ಹೊರಟ ಗಣಿ ಸಾಹೇಬರೊಬ್ಬರಿಂದ ಕೊಂಡ ಪಾಯಿಂಟರ್ ನಾಯಿ ಇದೆ. ಸಾಹೇಬರು ಅದಕ್ಕೆ ಡಚೆಸ್ ಎಂದು ಹೆಸರಿಟ್ಟಿದ್ದರಂತೆ, ಇಲ್ಲಿ ಅದು ದಚ್ಚಿ. ಪೊದೆಯಲ್ಲಿ ಹಕ್ಕಿಯ ವಾಸನೆ ಸಿಕ್ಕಿದರೆ ದಚ್ಚಿ ಒಂದು ಕಾಲೆತ್ತಿ, ಬಾಲ ನೆಟ್ಟಗೆ ಮಾಡಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ನಾಯಿ ನೋಡಿಕೊಳ್ಳುವ ಪೆರುಮಾಳ್ ಆ ಪೊದೆ ಒದೆಯುತ್ತಾನೆ, ಹಕ್ಕಿ ಭರ್ರೆಂದು ಏಳುತ್ತದೆ, ಮಾವ ಹೊಡೆಯುತ್ತಾರೆ.

ಈಗ ಗುಟ್ಟು ಕೇಳು. ಮಾವನವರಿಗೆ ಕಣ್ಣು ಕಾಣುವುದಿಲ್ಲ! ಎರಡರಲ್ಲೂ ಪೊರೆ. ಬಿಳಿ ನಾಯಿ ಎಲ್ಲಿ ನಿಂತಿದೆ ಎಂಬುದಷ್ಟೇ ಕಾಣುತ್ತದೆ. ಆದರೆ ಹಾಗೆಂದು ಅವರ ಮುಂದೆ ಯಾರೂ ಅನ್ನುವಂತಿಲ್ಲ. ಕನ್ನಡಕ ಎಂದರೆ ತಟ್ಟೆ ಎಸೆಯುತ್ತಾರೆ. ಅದಕ್ಕೆ ಇವರು ಅವರ ಬೆನ್ನ ಹಿಂದೆ ನಿಂತು, ಅವರ ಬೆರಳು ಅಲ್ಲಾಡುವುದನ್ನೇ ನೋಡುತ್ತಾ, ಅದೇ ಕ್ಷಣಕ್ಕೆ ತಾವೂ ಹೊಡೆಯುತ್ತಾರೆ. ಎರಡು ಕೋವಿಗೂ ಒಂದೇ ಸದ್ದು. ಹಕ್ಕಿ ಬೀಳುತ್ತದೆ. ಪೆರುಮಾಳ್ "ಬಿದ್ದೋಯ್ತು ದೊಡ್ಡೋರೇ! ಏನ್ ಕಣ್ಣಪ್ಪಾ ನಿಮ್ದು!" ಎಂದು ಕೂಗುತ್ತಾನೆ. ಮೂರು ವರ್ಷದಿಂದ ಹೀಗೇ ನಡೆದಿದೆ. ಎಷ್ಟು ಮುದ್ದಾದ ಮಗ, ಅಲ್ಲವೇ ಅಮ್ಮಾ?

ಆದರೆ ನಾಳೆ ಇವರು ಹೊಡೆಯುವಂತಿಲ್ಲ. ಹೆಂಡತಿ ಬಸುರಿಯಾದರೆ ಗಂಡ ಜೀವ ತೆಗೆಯಬಾರದಂತೆ. ಅತ್ತೆ ಇವರ ಕೈ ತಮ್ಮ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದ್ದಾರೆ. ಮಾವ ಯಾಕೆಂದು ಕೇಳಬಾರದಲ್ಲ, ಅದಕ್ಕೆ ಕೋವಿಯನ್ನು ಸುಮ್ಮನೆ ಹಿಡಿದುಕೊಂಡು ಹೋಗುವುದೆಂದು ತೀರ್ಮಾನವಾಗಿದೆ. ಒಂದು ದಿನ ಹಕ್ಕಿ ಸಿಗದಿದ್ದರೆ ಕೋಳಿ ಕೊಯ್ದರಾಯಿತು. ನಾನೂ ಬುತ್ತಿ ಕಟ್ಟಿಕೊಂಡು ಜೀಪಿನಲ್ಲಿ ಹೊರಟಿದ್ದೇನೆ. ಬಂದು ಉಳಿದದ್ದು ಬರೆಯುತ್ತೇನೆ.

ಬುಧವಾರ

ಅಮ್ಮಾ, ಮೇಲಿನದನ್ನು ಹರಿದುಹಾಕಲು ಹೊರಟಿದ್ದೆ. ನಿನಗೆ ಮಗುವಿನ ಸುದ್ದಿ ಸಂತೋಷದ ಮಾತಿನಲ್ಲೇ ತಲುಪಲಿ ಎಂದು ಬಿಟ್ಟಿದ್ದೇನೆ. ಪೆರುಮಾಳ್ ಸತ್ತುಹೋದ.

ಭಾನುವಾರ ಬೂದಿಕೋಟೆ ಕಡೆಯ ಬಯಲಿಗೆ ಹೋಗಿದ್ದೆವು. ರಾಗಿ ಕೊಯ್ದ ಹೊಲ, ಅದರಾಚೆ ಒಣಹುಲ್ಲು, ಕಾರೆಮುಳ್ಳು. ನಾನು ಹೊಂಗೆ ಮರದ ಕೆಳಗೆ ಕೂತಿದ್ದೆ. ಇವರು ಹೊರಡುವ ಮುಂಚೆ ಕೋವಿಯನ್ನು ಮಡಿಸಿ, ಖಾಲಿ ನಳಿಗೆಯೊಳಗಿಂದ ನನ್ನ ಕಡೆ ನೋಡಿ ಕಣ್ಣು ಹೊಡೆದರು. ಆ ನಳಿಗೆಗಳಲ್ಲಿ ಬೆಳಕು ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲ ಪೊದೆಗೆ ದಚ್ಚಿ ನಿಂತಿತು, ಬುರ್ಲಿ ಎದ್ದವು, ಮಾವ ಹೊಡೆದರು. ಪೆರುಮಾಳ್‌ಗೆ ಹಿಂದಿನ ದಿನವೇ ಎಲ್ಲ ತಿಳಿಸಿದ್ದರು, ಆದರೂ ಬಾಯಿಗೆ ರೂಢಿಯಾಗಿತ್ತು, "ಬಿದ್ದೋಯ್ತು!" ಎಂದು ಕೂಗಿಬಿಟ್ಟ. ಯಾವುದೂ ಬಿದ್ದಿರಲಿಲ್ಲ. ಕೂಗಿದ ಮೇಲೆ ಹಕ್ಕಿ ತಂದುಕೊಡಬೇಕಲ್ಲ. ಮಾವ ಕೈ ಚಾಚಿಕೊಂಡು ನಿಂತಿದ್ದರು. "ಎಲ್ಲಲಾ? ಅಲ್ಲೇ ಸುಟ್ಕಂಡು ತಿಂತಾ ಇದೀಯೇನ್ಲಾ?" ಎಂದು ಗೇಲಿ ಮಾಡಿದರು. ಅವನು "ಉಲ್ಲಲ್ಲೈತೆ, ಇರಿ ದೊಡ್ಡೋರೇ" ಎನ್ನುತ್ತಾ ಮುಂದೆ ಹೋಗಿ ಹುಲ್ಲಿನಲ್ಲಿ ಬಗ್ಗಿ ಹುಡುಕತೊಡಗಿದ. ಇಲ್ಲದ ಹಕ್ಕಿಯನ್ನು, ಅಮ್ಮಾ. ಮಾವನಿಗೆ ಕೇಳಿಸಲಿ ಎಂದು ಕಡ್ಡಿ ಸರಿಸುವ ಸದ್ದನ್ನೂ ಮಾಡುತ್ತಿದ್ದ. ಅಷ್ಟರಲ್ಲಿ ಅವನ ಪಕ್ಕದಲ್ಲೇ ದಚ್ಚಿ ಮತ್ತೆ ಕಲ್ಲಾಗಿ ನಿಂತಿತು. ಯಾರೂ ಒದೆಯುವ ಮುಂಚೆಯೇ ಹಕ್ಕಿಗಳು ನೆಲಕ್ಕೆ ಅಂಟಿಕೊಂಡಂತೆ ಹಾರಿದವು. ಇವರು ಅಪ್ಪನಿಗೆ "ಬ್ಯಾಡ ನಾಯ್ನಾ!" ಎಂದು ಕಿರುಚಿದ್ದೂ ಕೋವಿಯ ಸದ್ದೂ ಒಟ್ಟಿಗೇ ಕೇಳಿದವು.

ಬುರ್ಲಿಗೆ ಹಾಕುವ ಚರೆಗುಂಡು ಸಾಸಿವೆಯಷ್ಟೇ ಇರುತ್ತದೆ. ದೂರದಲ್ಲಿ ಚೆದುರುತ್ತದೆ, ಹತ್ತಿರದಲ್ಲಿ ಒಂದೇ ಗುದ್ದಾಗಿ ಹೋಗುತ್ತದಂತೆ. ಕುತ್ತಿಗೆಗೆ ಬಿದ್ದಿತ್ತು. ನಾನು ಸೆರಗು ಹರಿದು ಒತ್ತಿ ಹಿಡಿದಿದ್ದೆ. ಬಟ್ಟೆ ನೆನೆಯುತ್ತಲೇ ಇತ್ತು. ದಚ್ಚಿ ಮಾತ್ರ ಇನ್ನೂ ಕಾಲೆತ್ತಿಕೊಂಡೇ ನಿಂತಿತ್ತು, ಯಾರೂ ಅದಕ್ಕೆ ಬಾ ಎಂದಿರಲಿಲ್ಲ. ಆಸ್ಪತ್ರೆಯಲ್ಲಿ ಸೋಮವಾರ ಸಂಜೆ ಜೀವ ಹೋಯಿತು.

ಬಯಲಿನಲ್ಲಿ ನಡೆದ ಇನ್ನೊಂದನ್ನು ಹೇಳಬೇಕು. ಏನಾಯಿತೆಂದು ತಿಳಿದ ಕೂಡಲೇ ಮಾವ ಇವರ ಕಡೆ ತಿರುಗಿ, "ಕೆಳಗೆ ಆರೋದಕ್ಕೆ ಒಡೀಬ್ಯಾಡ ಅಂತ ಎಷ್ಟು ಸಲ ಏಳಿಲ್ಲ ನಿಂಗೆ! ಮನುಷ್ಯನ್ನ ತಿಂದ್ಯಲ್ಲೋ!" ಎಂದು ಎದೆ ಬಡಿದುಕೊಂಡರು. ಅವರು ನಾಟಕವಾಡಲಿಲ್ಲ ಅಮ್ಮಾ. ಮೂರು ವರ್ಷದಿಂದ ತಾವು ಹೊಡೆದದ್ದೆಲ್ಲ ಹಕ್ಕಿಗೇ ಬಿದ್ದಿದೆ ಎಂದು ನಂಬಿದ್ದಾರೆ. ಆ ಸದ್ದಿನಲ್ಲೇ ಮಗನೂ ಹೊಡೆದಿರಬೇಕು, ತಪ್ಪಿದ ಏಟು ಅವನದೇ ಎಂದುಕೊಂಡರು. ಇವರು ಬಾಯಿ ತೆರೆದರು. ನನ್ನನ್ನು ನೋಡಿದರು. ಆಮೇಲೆ, "ಹೂಂ ನಾಯ್ನಾ, ನಂದೇ ಏಟು" ಎಂದರು.

ಅದನ್ನೇ ಪೊಲೀಸರಿಗೂ ಹೇಳಿ, ಜಾಮೀನಿನ ಮೇಲೆ ಮನೆಗೆ ಬಂದಿದ್ದಾರೆ. ಶುಕ್ರವಾರ ಕೋರ್ಟಿನಲ್ಲಿಯೂ ಹೇಳುತ್ತಾರಂತೆ. ಒಪ್ಪಿಕೊಂಡರೆ ಜೈಲು, ಕೆಲಸ ಅಂತೂ ಹೋದ ಹಾಗೆಯೇ. ನಾನು ಕಾಲು ಹಿಡಿದು ಬೇಡಿದೆ. "ನಾನು ಒಳಗೋದ್ರೆ ಒಂದಲ್ಲ ಒಂದಿನ ಈಚೆ ಬತ್ತೀನಿ ರತ್ನು. ನಾಯ್ನಂಗೆ ಇದು ಗೊತ್ತಾದ್ರೆ ಅವರು ಎಲ್ಲಿಂದ ಈಚೆ ಬರ್ತಾರೆ?" ಎಂದರು. ಅತ್ತೆ ಎಲ್ಲವನ್ನೂ ಬಲ್ಲರು. ಅನ್ನ ಬಡಿಸುತ್ತಾ, "ಬಾಯಿ ಮುಚ್ಕಂಡಿರಮ್ಮಾಯಿ, ಒಟ್ಟೇಲಿರೋದಕ್ಕೆ ಒಳ್ಳೇದು" ಎಂದಷ್ಟೇ ಹೇಳಿದರು.

ಬೆಳಿಗ್ಗೆ ಪೆರುಮಾಳ್‌ನ ಹೆಂಡತಿ ಮಾರಿಯಮ್ಮ ಬಂದಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದು, "ಚಿನ್ನಮ್ಮಾ, ನೀನು ಅಲ್ಲೇ ಇದ್ದೆ. ಉಣ್ಮೆ ಸೊಲ್ಲು. ಯಾರ ಕೈಯಿ?" ಎಂದು ಕೇಳಿದಳು. ಚಿಕ್ಕ ಯಜಮಾನಿ, ನಿಜ ಹೇಳು ಎಂದು. ನಾನು ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆ. ಅವಳು ಕೊನೆಗೆ, "ಸರಿ ಬುಡು. ಅವನೂ ನಿಮ್ಮನೆಗೆ ಸುಳ್ಳು ಏಳ್ಕಂಡೇ ಇದ್ದ" ಎಂದು ಹೊರಟುಹೋದಳು.

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ನನ್ನ ಮೈ ಚೆನ್ನಾಗಿದೆ, ಬೆಳಗಿನ ವಾಂತಿ ಬಿಟ್ಟರೆ ಏನೂ ಇಲ್ಲ. ನಿನ್ನ ಆಶೀರ್ವಾದ ನನಗಿಂತ ಇವರಿಗೆ ಹೆಚ್ಚಾಗಿ ಬೇಕು, ಅವರ ಹೆಸರು ಹೇಳಿಯೇ ದೀಪ ಹಚ್ಚು.

ನಿನ್ನ
ರತ್ನು

ವಿ.ಸೂ.: ಗುರುವಾರ. ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಇವರು ವಕೀಲರ ಹತ್ತಿರ ಹೋಗಿದ್ದಾಗ ನಾನು ಮಾವನಿಗೆ ಹೇಳಿಬಿಟ್ಟೆ. ಇವರ ಕೋವಿ ಯಾಕೆ ಖಾಲಿ ಇತ್ತೆಂದು ಹೇಳಬೇಕಾದರೆ ಬಸುರಿನ ಸುದ್ದಿಯನ್ನೂ ಹೇಳಬೇಕಾಯಿತು. ಮೊಮ್ಮಗು ಬರುವುದು ಅವರಿಗೆ ಹಾಗೆ ಗೊತ್ತಾಯಿತು. ಬಯ್ಯಲಿಲ್ಲ. "ಓದ್ ವರ್ಸ ಕನುಮಕ್ಕೆ ಬಿದ್ದವು?" ಎಂದು ಕೇಳಿದರು. ಅವೂ ಇವರದೇ ಎಂದೆ. "ಅದರ ಇಂದಿನ ವರ್ಸದ್ದು?" ಅವೂ ಎಂದೆ. ಆಮೇಲೆ ಕೋಟು ಹಾಕಿಕೊಂಡು, ಗೋಡೆ ಸವರಿಕೊಂಡು ಬೀದಿಗಿಳಿದರು. ಯಾರೋ ಕೈ ಹಿಡಿದು ಪೊಲೀಸ್ ಠಾಣೆಯವರೆಗೆ ಬಿಟ್ಟರಂತೆ. ಈಗ ಅಲ್ಲೇ ಇದ್ದಾರೆ. ಇವರನ್ನು ಬಿಟ್ಟುಬಿಡುತ್ತಾರೆಂದು ವಕೀಲರು ಹೇಳಿದ್ದಾರೆ. ಅಮ್ಮಾ, ಇವರು ಬಂದು ನನ್ನನ್ನು ಒಮ್ಮೆ ನೋಡಿದರು, ಆಮೇಲೆ ನೋಡುವುದನ್ನೇ ಬಿಟ್ಟರು. ಅತ್ತೆ ನನ್ನ ಟ್ರಂಕನ್ನು ಹಜಾರಕ್ಕೆ ತಂದಿಟ್ಟಿದ್ದಾರೆ. ಮಾರಿಯಮ್ಮನ ಮನೆಗೆ ಹೋಗಿ ಅವಳು ಕೇಳಿದ್ದಕ್ಕೆ ಉತ್ತರ ಹೇಳಿ ಹೊರಡುತ್ತೇನೆ. ಅಪ್ಪನನ್ನು ಕಂಟೋನ್ಮೆಂಟ್ ಸ್ಟೇಷನ್ನಿಗೆ ಕಳಿಸು, ಅಳಿಯ ಎಲ್ಲಿ ಎಂದು ಅಲ್ಲಿ ಎಲ್ಲರೆದುರಿಗೆ ಕೇಳಬಾರದೆಂದು ಹೇಳಿ ಕಳಿಸು. ಒಬ್ಬಳೇ ಬರುತ್ತಿದ್ದೇನೆ, ಭಾನುವಾರ, ಮಾರಿಕುಪ್ಪಂನಿಂದ ಬರುವ ಬೆಳಗಿನ ಪ್ಯಾಸೆಂಜರಿನಲ್ಲಿ.