ಒಂದು 'ಬಿ'ಗಾಗಿ

ಮಾರ್ಚ್ ೧೧, ಮಂಗಳವಾರ

ತುಟಿಗೆ ಹೊಲಿಗೆ ಬಿದ್ದಿದೆ. ವಿಜ್ಞಾನದ ಏಳಿಗೆಗಾಗಿ ಹಾಸ್ಯ ಅಂಕಣಕಾರನೊಬ್ಬ ರಕ್ತ ಸುರಿಸಿದ್ದು ಇದೇ ಮೊದಲಿರಬೇಕು.

ಹೆಂಡತಿಯ ಸಂಶೋಧನಾ ಸಂಸ್ಥೆಯಲ್ಲಿ ಹೊಸ ಯೋಜನೆಗೆ ಹೆಸರಿಡುವ ಸಭೆ. ಮಾತು ಬಲ್ಲವನೆಂದು ನನ್ನನ್ನು ತೀರ್ಪು ಹೇಳಲು ಕರೆದಿದ್ದರು. ಮಣ್ಣು, ಉಷ್ಣತೆ, ಗಾಳಿ, ವಿಕಿರಣ, ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಜೋಡಿಸಿದರೆ 'ಸ್ಟಾರ್'. ಅವಳ ಸಸ್ಯಶಾಸ್ತ್ರದ 'ಬಿ' ಸೇರಿದರೆ 'ಸ್ಟಾರ್ಬ್', ಬಿಕ್ಕಳಿಕೆ ಬಂದ ಹಾಗೆ.

"ಮೇಡಂ, ನಿಮ್ಮ ಪಾಚಿಗೂ ಒಂದಕ್ಷರ ಬೇಕೇನ್ರೀ?" ಎಂದು ನಕ್ಕರು ಭೌತಶಾಸ್ತ್ರದ ಮುಖ್ಯಸ್ಥರು.

ಮದುವೆಗೂ ಮುಂಚಿನಿಂದ ಬಂಡೆ ಬಂಡೆ ಹತ್ತಿ ಆ ಪಾಚಿ ಕೆರೆದು ತಂದವಳು. ಹೆಸರಲ್ಲಿ ಇಲ್ಲದವರನ್ನು ಯೋಜನೆಯಲ್ಲೂ ಯಾರೂ ನೆನೆಯುವುದಿಲ್ಲ. ಅವಳ ಕೈಯಿಂದ ಸ್ಟೇಪ್ಲರ್ ಹಾರಿತು. ಮುಖ್ಯಸ್ಥರ ಮೂಗಿನಿಂದ ರಕ್ತ ಸುರಿಯಿತು. ಅವರು ಕುರ್ಚಿ ಎತ್ತಿದರು, ರಸಾಯನಶಾಸ್ತ್ರದವರು ಅವರ ಕತ್ತು ಹಿಸುಕಿದರು, ಮೇಜು ಮಗುಚಿತು. ನಾನು ಎದ್ದು ನಿಂತು ಗಂಭೀರವಾಗಿ ತೀರ್ಪು ಕೊಟ್ಟೆ: "ಬಿ ಇಲ್ದಿದ್ರೆ ಹೇಳೋಕೆ ಸುಲಭ."

ಅವಳ ಮುಂದಿದ್ದ ಪಾಚಿಯ ಡಬ್ಬಿ ನೇರ ನನ್ನ ಬಾಯಿಗೆ ಬಂತು. ದಾಂಪತ್ಯದ ಮೊದಲ ಏಟು. ಗುರಿ ಮಾತ್ರ ಬಹಳ ಅಚ್ಚುಕಟ್ಟು.

ಬಿ ಉಳಿಯಿತು. ಮೂಗಿಗೆ ಹತ್ತಿ ತುರುಕಿಕೊಂಡು ಮುಖ್ಯಸ್ಥರೇ ಅದನ್ನು ಬೋರ್ಡಿನ ಮೇಲೆ ಬರೆದರು.

ಮಲಗುವ ಮುಂಚೆ ಅವಳು ನನ್ನ ತುಟಿಗೆ ಐಸ್ ಒತ್ತಿದಳು. "ರೀ, ನಾಳೆ ಉದ್ಘಾಟನೇಲಿ ಹೆಸರು ನೀವೇ ಓದ್ಬೇಕಂತೆ. ಅಭ್ಯಾಸ ಮಾಡ್ಕೊಳ್ಳಿ" ಎಂದಳು. ಅವಳು ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಭ್ಯಾಸ ಮಾಡುತ್ತಿದ್ದೇನೆ. 'ಸ್ಟಾರ್' ತನಕ ನೋವಿಲ್ಲ. ಬಿ ಅನ್ನಲು ಎರಡು ತುಟಿಯೂ ಕೂಡಬೇಕು. ಕೂಡಿಸಿದೆ. ಹೊಲಿಗೆ ಬಿರಿದು ಈ ಹಾಳೆಯ ಮೇಲೆ ಒಂದು ಹನಿ ಬಿತ್ತು. ಇನ್ನೊಮ್ಮೆ ಹೇಳಿ ನೋಡುತ್ತೇನೆ.