ಕೋಲ್ಟರ್ ರನ್ನಿನ ಎರಡು ಸ್ಟೇಷನ್ನುಗಳು

ಹಾರ್ಮನ್ ಫಾಲ್ಸ್, ಪೆನ್ಸಿಲ್ವೇನಿಯ
ಮಾರ್ಚ್ 5, 1998, ಗುರುವಾರ

ಮರ್ಲ್,

‘ಪ್ರೀತಿಯ’ ಎಂದು ಬರೆದೆ, ಅದು ಸುಳ್ಳೆನಿಸಿತು, ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೀಯಂತೆ. ಒಳ್ಳೆಯದಾಯಿತು, ನನ್ನ ನೆಲಮಾಳಿಗೆಗೆ ಹದಿಮೂರು ಮೆಟ್ಟಿಲಿವೆ, ನೀನು ಬರುತ್ತೀಯೆಂದು ಒಂದೂ ಕಡಿಮೆಯಾಗುವುದಿಲ್ಲ. ಕೊರಾಲಿಯ ಸಕ್ಕರೆ ಹತೋಟಿಗೆ ಬಂದಿದೆಯೆಂದು ಬರೆದಿದ್ದೀಯ. ನಿನ್ನ ಹೆಂಡತಿ ನಮ್ಮ ರೈಲನ್ನು ಇಪ್ಪತ್ತು ವರ್ಷ ‘ಮರ್ಲ್‌ನ ಆಟದ ಸಾಮಾನು’ ಎಂದು ಕರೆದದ್ದು ನನಗೆ ನೆನಪಿದೆ, ಆದರೂ ಅವಳ ಆರೋಗ್ಯಕ್ಕೆ ಕೆಟ್ಟದ್ದು ಬಯಸುವಷ್ಟು ಸಣ್ಣವಳು ನಾನಲ್ಲ. ನನ್ನ ಆರೋಗ್ಯವನ್ನು ನೀನು ವಿಚಾರಿಸಿಲ್ಲ. ವಿಚಾರಿಸಿದ್ದೀಯೆಂದೇ ಇಟ್ಟುಕೊಂಡು ಹೇಳುತ್ತೇನೆ: ಕಣ್ಣು ಚೆನ್ನಾಗಿದೆ, ಬಲಗೈ ಹೆಬ್ಬೆರಳಿನ ಬುಡ ಹೋಗಿದೆ. ಡಾಕ್ಟರು ‘ಹೊಲಿಗೆ ಜಾಸ್ತಿ ಹಾಕ್ತೀರಾ?’ ಎಂದು ಕೇಳಿದರು. ಇಲ್ಲ, ನಲವತ್ತು ವರ್ಷದಿಂದ ರಟ್ಟು ಕತ್ತರಿಸುತ್ತಿದ್ದೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿನಗಾದರೂ ಆಗಬೇಕಿತ್ತು.

ನಿನ್ನ ಪತ್ರ ಸೋಮವಾರ ಬಂತು. ನೀನು ಫ್ಲಾರಿಡಾಕ್ಕೆ ಹೋದ ಒಂಬತ್ತು ವರ್ಷದಲ್ಲಿ ಎರಡನೆಯ ಪತ್ರ, ಅದರಲ್ಲೂ ಆರು ಸಾಲು. ಜಿಲ್ಲೆಯ ಇತಿಹಾಸ ಸಂಘದವರು ನನ್ನ ನೆಲಮಾಳಿಗೆಯಲ್ಲಿರುವ, ಅಪ್ಪನ ಊರು ಕೋಲ್ಟರ್ ರನ್ನಿನ ರೈಲು ಮಾದರಿಯನ್ನು ತಮ್ಮ ಹೊಸ ಪ್ರದರ್ಶನ ಕೋಣೆಯಲ್ಲಿ ಕಾಯಂ ಆಗಿ ಇಡುತ್ತಾರೆ, ಇಪ್ಪತ್ತೊಂದನೇ ತಾರೀಖು ಶನಿವಾರ ನೀನು ಲಾರಿ ತರುತ್ತೀಯ, ನಾನು ಅಷ್ಟರೊಳಗೆ ‘ಮೇಲಿನ ಧೂಳು ಒರೆಸಿ’ ಇಡಬೇಕು. ಜೊತೆಗೆ ಮಾದರಿಯ ಮುಂದೆ ಹಾಕುವ ಹಿತ್ತಾಳೆ ಫಲಕದ ಬರಹವನ್ನೂ ಕಳಿಸಿದ್ದೀಯ, ಓದಿ ಖುಷಿಪಡಲಿ ಎಂದಿರಬೇಕು. ‘ಕೋಲ್ಟರ್ ರನ್, ಅಕ್ಟೋಬರ್ 1951. ಯೋಜನೆ ಮತ್ತು ನಿರ್ಮಾಣ: ಮರ್ಲ್ ಹೆಫ್ನರ್. ಸಹಾಯ: ಕುಟುಂಬದವರು.’ ಕುಟುಂಬದವರು ಎಂದರೆ ಯಾರು, ಮರ್ಲ್? ಅಪ್ಪ ಸತ್ತು ಹತ್ತೊಂಬತ್ತು ವರ್ಷವಾಯಿತು. ಅಮ್ಮ ಆ ನೆಲಮಾಳಿಗೆಗೆ ಇಳಿದದ್ದು ಒಗೆಯುವ ಬಟ್ಟೆ ಹಿಡಿದುಕೊಂಡು ಮಾತ್ರ. ಉಳಿದವಳು ನಾನೊಬ್ಬಳು. ಒಬ್ಬಳಿಗೆ ಬಹುವಚನ ಕೊಟ್ಟು ಗೌರವಿಸಿದ್ದೀಯ.

ಹಳಿ ನಿನ್ನದು, ನಾನು ಯಾವತ್ತೂ ಇಲ್ಲ ಎಂದಿಲ್ಲ. ವೈರು, ಇಂಜಿನ್ನು, ಹಳಿ ಬದಲಿಸುವ ಮೋಟಾರು ಎಲ್ಲಾ ನಿನ್ನದು, ಅಚ್ಚುಕಟ್ಟಾಗಿ ಮಾಡಿದ್ದೀಯ. ಆದರೆ ಹಳಿಯನ್ನು ನೋಡಲು ಯಾರು ಬರುತ್ತಾರೆ? ಮೊದಲನೇ ದಿನವೇ ನೀನು ಹೇಳಿದ್ದೆಯಲ್ಲ, ‘ರೈಲು ನಾನು ನೋಡ್ಕೋತೀನಿ ವಿಲ್ಡಾ, ಮರ ಗಿಡ ಮನೆ ಮಠ ಎಲ್ಲಾ ನಿಂದು’ ಎಂದು. ಆ ಮರ ಗಿಡವೆಂದರೆ ಎರಡು ಸಾವಿರದ ಮುನ್ನೂರು ಮರ. ಪ್ರತಿ ಆಗಸ್ಟಿನಲ್ಲೂ ರಸ್ತೆ ಬದಿಯ ಯಾರೋ ಹೂವಿನ ಒಣ ಗೊಂಚಲುಗಳನ್ನು ಕೊಯ್ದು ತಂದು, ಅಂಟಿನಲ್ಲಿ ಅದ್ದಿ, ಬಣ್ಣ ಹಾಕಿದ ಮರದ ಹೊಟ್ಟಿನಲ್ಲಿ ಹೊರಳಿಸಿ ತಲೆಕೆಳಗಾಗಿ ಒಣಹಾಕಿದವಳು ನಾನು. ಬೆಟ್ಟಕ್ಕೆ ತಂತಿಬಲೆ ಬಗ್ಗಿಸಿ ಪ್ಲಾಸ್ಟರಿನ ಬಟ್ಟೆ ಹೊದಿಸಿದ್ದು, ಕೋಲ್ಟರ್ ರನ್ನಿನ ನಿಜವಾದ ಮಣ್ಣನ್ನೇ ಬಕೆಟ್ಟಿನಲ್ಲಿ ತಂದು ಹಳೆಯ ಕಾಲುಚೀಲದಲ್ಲಿ ಜರಡಿ ಹಿಡಿದದ್ದು, ಕಂದು ಕಾಗದದ ಚೀಲ ಕತ್ತರಿಸಿ ಅರವತ್ತೊಂದು ಮನೆಗಳ ಮಾಡಿಗೆ ಒಂದೊಂದೇ ಹಂಚು ಅಂಟಿಸಿದ್ದು, ಎಲ್ಲಾ ನಾನು. ನೀನು ಫ್ಲಾರಿಡಾಕ್ಕೆ ಹೋದಮೇಲೆ ಸುರಂಗದಲ್ಲಿ ಇಲಿ ಮರಿ ಹಾಕಿ ಪಶ್ಚಿಮದ ಕಾಡನ್ನೆಲ್ಲಾ ಹಾಸಿಗೆ ಮಾಡಿಕೊಂಡಿತು. ಒಂದು ಇಡೀ ಚಳಿಗಾಲ ಕೂತು ಆ ಕಾಡನ್ನು ಮತ್ತೆ ನೆಟ್ಟೆ. ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ಇಲಿಗೂ ‘ಸಹಾಯ’ದಲ್ಲಿ ಒಂದು ಪಾಲು ಸಿಗುತ್ತಿತ್ತೇನೋ.

ಈಗ ಸ್ಟೇಷನ್ನಿನ ವಿಷಯಕ್ಕೆ ಬರುತ್ತೇನೆ. ಓದದೆ ಮಡಚಿಡಬೇಡ. ಕೋಲ್ಟರ್ ರನ್ನಿನ ಗಣಿ ಮುಚ್ಚಿ ಸ್ಟೇಷನ್ನನ್ನು ಕೆಡವಿದಾಗ ನಿನಗೆ ಐದು ವರ್ಷ, ನನಗೆ ಹದಿಮೂರು. ಅದಕ್ಕೆ ಮೊದಲು ಆರು ವರ್ಷ ದಿನಾ ಮಧ್ಯಾಹ್ನ ಸ್ಟೇಷನ್ ನೋಡಿಕೊಳ್ಳುತ್ತಿದ್ದ ಅಪ್ಪನ ಊಟದ ಡಬ್ಬಿ ಹಿಡಿದು ಅಲ್ಲಿಗೆ ಹೋಗುತ್ತಿದ್ದವಳು ನಾನು. ಹಳಿಯ ಕಡೆಯಿಂದ ನೋಡಿದರೆ ಅಪ್ಪನ ಕೋಣೆಯ ಕಿಟಕಿ ಎಡಕ್ಕೆ, ಹಳ್ಳದ ಪಕ್ಕಕ್ಕೆ. ಪ್ರಯಾಣಿಕರ ಕೋಣೆಯ ಬಾಗಿಲು ಬಲಕ್ಕೆ, ರಸ್ತೆಯ ಕಡೆಗೆ. ಕಣ್ಣು ಕಟ್ಟಿ ಬಿಟ್ಟರೂ ಒಳಗೆ ಹೋಗುತ್ತಿದ್ದೆ. ಹಾಗೆಯೇ ಕಟ್ಟಿದೆ, ಎರಡು ಚಳಿಗಾಲ ಹಿಡಿಯಿತು. ಬೆಂಕಿಕಡ್ಡಿಯ ಚೌಕಟ್ಟು, ಅಂಗಿಯ ಡಬ್ಬದ ಪ್ಲಾಸ್ಟಿಕ್ಕಿನ ಗಾಜು, ಕಲ್ಲಿದ್ದಲ ಕೊಟ್ಟಿಗೆಗೆ ನಿಜವಾದ ಕಲ್ಲಿದ್ದಲನ್ನೇ ಕುಟ್ಟಿದ ಪುಡಿ. ಮಾದರಿ ಕಟ್ಟುವವರ ಪದ್ಧತಿಯಂತೆ ಅಡಿಯಲ್ಲಿ ಪೆನ್ಸಿಲಿನಿಂದ ಹೆಸರು, ತಾರೀಖು ಬರೆದೆ. 1986ರ ಫೆಬ್ರವರಿ. ಅಷ್ಟು ಚೆನ್ನಾಗಿ ನಾನು ಬೇರೇನನ್ನೂ ಮಾಡಿಲ್ಲ, ನನಗೆ ಗೊತ್ತು.

ಅದೇ ಏಪ್ರಿಲ್‌ನಲ್ಲಿ ನಿನಗೆ ಆ ಸ್ಲೈಡು ಸಿಕ್ಕಿತು. ಹಳೆಯ ರೈಲು ಚಿತ್ರ ಮಾರುವವನೊಬ್ಬನ ಡಬ್ಬಿಯಲ್ಲಿ ಕೋಲ್ಟರ್ ರನ್ ಸ್ಟೇಷನ್ನು, ಬಣ್ಣದಲ್ಲಿ, 1951ರದ್ದು, ಪ್ಲಾಟ್‌ಫಾರಂ ತುದಿಯಲ್ಲಿ ಸಾಮಾನಿನ ಗಾಡಿಗೆ ಒರಗಿ ನಿಂತ ಅಪ್ಪನ ಸಮೇತ. ನನಗೆ ಮೊದಲೇ ತೋರಿಸಬಹುದಿತ್ತು. ನಮ್ಮ ಅಡುಗೆಮನೆಯ ಮೇಜಿನ ಮುಂದೆ ಇಬ್ಬರೇ ಕೂತು ನೋಡಿ ಅಳಬಹುದಿತ್ತು. ನೀನು ಹಾಗೆ ಮಾಡಲಿಲ್ಲ. ರೈಲು ಸಂಘದವರು ತಿಂಗಳಿಗೊಮ್ಮೆ ಸೇರುವ ಚರ್ಚಿನ ಕೋಣೆಗೆ ನನ್ನ ಸ್ಟೇಷನ್ನನ್ನು ಹೊರಿಸಿಕೊಂಡು ಹೋದೆ, ಬಹುಮಾನಕ್ಕಿಡೋಣ ಎಂದೆ. ಮೂವತ್ತು ಜನರ ಮುಂದೆ ಸ್ಲೈಡನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟೆ, ನನ್ನ ಸ್ಟೇಷನ್ನನ್ನು ಅಂಗೈ ಮೇಲೆ ಎತ್ತಿ ಹಿಡಿದೆ. ‘ನೋಡ್ರಪ್ಪಾ, ನಮ್ಮಕ್ಕ ಎಷ್ಟು ಚೆಂದ ಕಟ್ಟಿದ್ದಾಳೆ. ಆದ್ರೆ ಎಡ ಯಾವ್ದು ಬಲ ಯಾವ್ದು ಗೊತ್ತಾಗಿಲ್ಲ. ಇಡೀ ಸ್ಟೇಷನ್ನೇ ಉಲ್ಟಾ.’ ಗೋಡೆಯ ಮೇಲೆ ಕಿಟಕಿ ಬಲಕ್ಕಿತ್ತು, ಬಾಗಿಲು ಎಡಕ್ಕಿತ್ತು. ಎರ್ನಿ ಶಾಫ್ ಕುರ್ಚಿಯಿಂದ ಬೀಳುವಷ್ಟು ನಕ್ಕ. ನಾನು ‘ನನಗೆ ಚೆನ್ನಾಗಿ ನೆನಪಿದೆ ಮರ್ಲ್’ ಎಂದೆ. ನೀನು ‘ನೆನಪು ಯಾರಿಗ್ ಬೇಕು ವಿಲ್ಡಾ, ಪುರಾವೆ ಗೋಡೆ ಮೇಲಿದೆ’ ಎಂದೆ. ನಾನು ಆಮೇಲೆ ಗೋಡೆಯನ್ನು ನೋಡಲೇ ಇಲ್ಲ. ಹಿಂದಿನ ಕೋಣೆಗೆ ಹೋಗಿ ಎಲ್ಲರಿಗೂ ಕಾಫಿ ಬಗ್ಗಿಸಿದೆ. ಮನೆಗೆ ಬರುವಾಗ ಕಾರಿನಲ್ಲಿ ನೀನು ಸಮಾಧಾನ ಮಾಡಿದ ರೀತಿ ಹೀಗಿತ್ತು: ‘ಒಡ್ದು ಒಲೆಗ್ ಹಾಕು, ಇನ್ನೊಂದು ಮಾಡು. ನಿಂಗೇನು ಬೇರೆ ಕೆಲಸ?’

ಇನ್ನೊಂದು ಮಾಡಿದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ಸ್ಲೈಡು ನೋಡಿ ನೀನು ಬರೆದುಕೊಟ್ಟ ಅಳತೆ ಚೀಟಿ ಮುಂದಿಟ್ಟುಕೊಂಡು ಎಂಟು ವಾರದಲ್ಲಿ ಕಟ್ಟಿ ಮುಗಿಸಿದೆ. ಮಾದರಿಯ ಹಲಗೆಯ ಮೇಲೆ ಕೂರಿಸಿದರೆ ಪ್ರಯಾಣಿಕರ ಬಾಗಿಲು ನೇರವಾಗಿ ಹಳ್ಳಕ್ಕೆ ತೆರೆಯುತ್ತಿತ್ತು. ರೈಲಿಗೆ ಬಂದ ಹೆಂಗಸರು ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಹೋಗುತ್ತಿದ್ದರೇ ಎಂದು ಕೇಳಿದೆ. ನೀನು ತಲೆ ಕೆರೆದುಕೊಂಡು ‘ಅಲ್ಲೊಂದು ಕಾಲುಸೇತುವೆ ಇದ್ದಿರ್ಬೇಕು, ಮಾಡಾಕು’ ಎಂದೆ. ಮಾಡಿಹಾಕಿದೆ. ಜಗತ್ತಿನಲ್ಲಿ ಯಾವತ್ತೂ ಇಲ್ಲದ ಸೇತುವೆಗೆ ಒಂದೊಂದು ಮೊಳೆಯ ತಲೆಯನ್ನೂ ಸೂಜಿಮೊನೆಯಿಂದ ಚುಕ್ಕಿ ಇಟ್ಟೆ, ಕಂಬಕ್ಕೆ ಪಾಚಿ ಹಚ್ಚಿದೆ. ಬಂದವರೆಲ್ಲಾ ಅದನ್ನೇ ಹೊಗಳಿದರು. ನೀನು ಬೆನ್ನ ಹಿಂದೆ ಕೈಕಟ್ಟಿಕೊಂಡು ‘ಆ ಕಾಲದಲ್ಲಿ ಹೀಗೇ ಇತ್ತು’ ಎಂದು ಹೇಳುತ್ತಾ ಹೋದೆ. ಹನ್ನೆರಡು ವರ್ಷದಿಂದ ನಮ್ಮ ಅಪ್ಪನ ಊರಿನ ಜನ ಸುಳ್ಳು ಸೇತುವೆ ದಾಟಿ ರೈಲು ಹತ್ತುತ್ತಿದ್ದಾರೆ.

ಸುಳ್ಳು ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಈ ಸಲ ನೀನೇ ಪುರಾವೆ ಕಳಿಸಿದ್ದೀಯ. ಇಷ್ಟು ವರ್ಷ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಆ ಸ್ಲೈಡಿನಿಂದ ಫಲಕದ ಪಕ್ಕ ತೂಗುಹಾಕಲು ದೊಡ್ಡ ಚಿತ್ರ ತೆಗೆಸಿ, ಒಂದು ಪ್ರತಿಯನ್ನು ಪತ್ರದ ಜೊತೆ ಇಟ್ಟಿದ್ದೀಯ. ಸೋಮವಾರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಪ್ಪನನ್ನು ನೋಡಿದೆ. ಸ್ಟೇಷನ್ನನ್ನಲ್ಲ, ಅಪ್ಪನನ್ನು. ಟೋಪಿ ಹಿಂದಕ್ಕೆ ಸರಿದಿದೆ. ಒಂದು ಕೈ ಜೇಬಿನಲ್ಲಿದೆ, ಇನ್ನೊಂದು ಗಾಡಿಯ ಹಿಡಿಯ ಮೇಲಿದೆ. ಆ ಕೈಗೆ ಮೂರೇ ಬೆರಳು. ಅದು ಬಲಗೈ.

ಮರ್ಲ್, ಅಪ್ಪನ ಬೆರಳು ಹೋದದ್ದು ಎಡಗೈಯದು. ಮದುವೆಗೆ ಮೊದಲೇ, ರೈಲಿನ ಡಬ್ಬಿಗಳನ್ನು ಜೋಡಿಸುವಾಗ ಕೊನೆಯ ಎರಡು ಬೆರಳು ಹೋದವು. ಅದಕ್ಕೇ ರೈಲಿನವರು ಅವನನ್ನು ಗಾಡಿಯಿಂದ ಇಳಿಸಿ ಸ್ಟೇಷನ್ನಿನಲ್ಲಿ ಕೂರಿಸಿದ್ದು. ಸ್ಲೈಡಿನ ಫಿಲ್ಮನ್ನು ಕಾಗದದ ಚೌಕಟ್ಟಿಗೆ ಹಾಕುವಾಗ ಯಾವನೋ ಪುಣ್ಯಾತ್ಮ ಮಗುಚಿ ಹಾಕಿದ್ದಾನೆ, ಅಷ್ಟೇ. ಹೆಸರಿನ ಹಲಗೆ ಚಿತ್ರದಿಂದ ಹೊರಗಿದೆ, ಒಂದೇ ಒಂದು ಅಕ್ಷರ ಕಂಡಿದ್ದರೂ ನಿನಗೆ ಗೊತ್ತಾಗುತ್ತಿತ್ತು. ಆದರೆ ಅಪ್ಪ ಕಾಣುತ್ತಿದ್ದನಲ್ಲ. ಮೂರು ವಾರ ಭೂತಗನ್ನಡಿ ಹಿಡಿದು ಕೂತೆ. ಕಿಟಕಿಗೆ ಎಷ್ಟು ಗಾಜು, ಗೋಡೆಗೆ ಎಷ್ಟು ಹಲಗೆ, ಮಾಡಿಗೆ ಎಷ್ಟು ಸಾಲು ಹಂಚು, ಎಲ್ಲಾ ಎಣಿಸಿದೆ. ಅಪ್ಪನ ಕೈ ನೋಡಲಿಲ್ಲ. ನೀನು ನಡೆಯಲು ಕಲಿತದ್ದೇ ಆ ಎಡಗೈಯ ಮೂರು ಬೆರಳು ಹಿಡಿದು. ಬೇರೆ ಯಾರು ಹಿಡಿಯಲು ಬಂದರೂ ಚೀರಾಡುತ್ತಿದ್ದೆ. ಸಂಘದವರ ಮುಂದೆ ನನ್ನ ಮಾನ ಕಳೆದದ್ದನ್ನು ನಾನು ಯಾವತ್ತಾದರೂ ಕ್ಷಮಿಸಿಯೇನು, ಇದನ್ನು ಹೇಗೆ ಕ್ಷಮಿಸಬೇಕೋ ನನಗೆ ತಿಳಿಯುತ್ತಿಲ್ಲ.

ಮಂಗಳವಾರ ಎರ್ನಿಯನ್ನು ಮನೆಗೆ ಕರೆಸಿದೆ. ಈಗ ಅವನೇ ರೈಲು ಸಂಘದ ಅಧ್ಯಕ್ಷ, ಊರುಗೋಲು ಹಿಡಿದು ನಡೆಯುತ್ತಾನೆ. ಒಂದು ತುಂಡು ಸೇಬಿನ ಪೈ ಕೊಟ್ಟು, ಚಿತ್ರವನ್ನೂ ಅಪ್ಪನ ಮದುವೆಯ ಫೋಟೋವನ್ನೂ ಪಕ್ಕಪಕ್ಕದಲ್ಲಿಟ್ಟೆ. ಎರಡರಲ್ಲೂ ಅಪ್ಪನ ಕೈಗಳನ್ನು ಹೋಲಿಸಿ ನೋಡಿದ. ಪೈ ತಟ್ಟೆಯಲ್ಲೇ ಉಳಿಯಿತು. ‘ನಾವೆಲ್ಲಾ ಮರ್ಲ್ ಹೇಳಿದ್ಮೇಲೆ ಮುಗೀತು ಅಂದ್ಕೊಂಡ್ವಿ ವಿಲ್ಡಾ. ನಾನೇ ಜಾಸ್ತಿ ನಕ್ಕಿದ್ದು, ಅಲ್ವಾ?’ ಎಂದ. ಹೌದು, ನೀನೇ ಎಂದೆ. ಅವನು ಕ್ಷಮೆ ಕೇಳಿದ. ನೋಡು, ಅದಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ.

ಧೂಳು ಒರೆಸಿದ್ದೇನೆ. ಹಲಗೆಗಳ ಬೋಲ್ಟು ಸಡಿಲ ಮಾಡಿಟ್ಟಿದ್ದೇನೆ. ಲಾರಿ ತಡೆಯಲು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ ಎಂದುಕೊಳ್ಳಬೇಡ. ಆ ಊರನ್ನು ಜನ ನೋಡಬೇಕೆಂದು ನಿನಗಿಂತ ನನಗೇ ಹೆಚ್ಚು ಆಸೆ. ನೀನು ಮಾತ್ರ ಖುದ್ದಾಗಿ ಬಾ, ಕೂಲಿಯವರನ್ನು ಕಳಿಸಿ ಕಾರಿನಲ್ಲಿ ಕೂರಬೇಡ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುತ್ತಿರು. ಕೊರಾಲಿಗೆ ನನ್ನ ನಮಸ್ಕಾರ ತಿಳಿಸು, ತಿಳಿಸದಿದ್ದರೂ ನಡೆಯುತ್ತದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಅಷ್ಟು ಹೇಳಬಲ್ಲೆ, ಅದಕ್ಕಿಂತ ಹೆಚ್ಚು ಈ ವಾರ ನನ್ನಿಂದಾಗದು.

ಇಂತು,
‘ಕುಟುಂಬದವರು’
ವಿಲ್ಡಾ ಹೆಫ್ನರ್

ಮ.ವಿ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಹೇಳಿಬಿಡುತ್ತೇನೆ. ಹಲಗೆಯ ಮೇಲೆ ಸ್ಟೇಷನ್ನಿನ ಜಾಗ ಖಾಲಿಯಿದೆ. ಸುಳ್ಳು ಸೇತುವೆಯನ್ನೂ ಕಿತ್ತಿಟ್ಟಿದ್ದೇನೆ. ಮೊದಲನೇ ಸ್ಟೇಷನ್ನನ್ನು ನಾನು ಒಲೆಗೆ ಹಾಕಲಿಲ್ಲ, ಅಮ್ಮನ ಟೋಪಿಯ ಡಬ್ಬದಲ್ಲಿ ಹನ್ನೆರಡು ವರ್ಷ ಇತ್ತು. ಈಗ ಎರಡೂ ಅಡುಗೆಮನೆಯ ಮೇಜಿನ ಮೇಲಿವೆ. ಒಂದರ ಅಡಿಯಲ್ಲಿ ನನ್ನ ಹೆಸರಿದೆ. ಇನ್ನೊಂದರ ಅಡಿಯಲ್ಲಿ ‘ಮರ್ಲ್ ಹೇಳಿದಂತೆ’ ಎಂದು ಅವತ್ತೇ ಬರೆದಿದ್ದೆ, ನೀನು ತಿರುಗಿಸಿ ನೋಡಲಿಲ್ಲ. ಇಪ್ಪತ್ತೊಂದರ ಶನಿವಾರ ಎರ್ನಿಯೂ ರೈಲು ಸಂಘದವರೂ ಬಂದಿರುತ್ತಾರೆ. ಅವರ ಮುಂದೆ ನಿನ್ನ ಕೈಯಾರೆ ಯಾವುದಾದರೂ ಒಂದನ್ನು ತೆಗೆದು ಇಡು. ಯಾರ ಸ್ಟೇಷನ್ನೋ ಫಲಕದಲ್ಲಿ ಅವರ ಹೆಸರು, ನಾನು ಬಾಯಿ ಬಿಡುವುದಿಲ್ಲ. ಆರಿಸುವ ಮುಂಚೆ ಮೊದಲನೆಯದರ ಕಿಟಕಿಯೊಳಗೆ ಒಮ್ಮೆ ಇಣುಕಿ ನೋಡು. ಮೇಜಿನ ಮುಂದೆ ಅಪ್ಪ ಕೂತಿದ್ದಾನೆ. ಅಕ್ಕಿಕಾಳಿಗಿಂತ ಸಣ್ಣ ಕೈ, ಎಡಗೈಯ ಎರಡು ಬೆರಳನ್ನು 1986ರಲ್ಲೇ ಬ್ಲೇಡಿನಿಂದ ಕೆತ್ತಿ ತೆಗೆದಿದ್ದೆ. ಆ ಸಂಜೆ ನೀನು ಅಂಗೈ ಮೇಲೆ ಎತ್ತಿ ಎಲ್ಲರಿಗೂ ತೋರಿಸುವಾಗಲೂ ಅವನು ಅಲ್ಲೇ ಕೂತಿದ್ದ. ಭೂತಗನ್ನಡಿ ತಾ.